ಮೂಕಜೀವಿಗಳ ಲೆಕ್ಕ

2023ರ ಆಗಸ್ಟ್‌ನಲ್ಲಿ, ನಮ್ಮ ನಂದಿಬೆಟ್ಟಕ್ಕೆ ಸಮೀಪದ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನೊಬ್ಬನ ಸಾಮಾನನ್ನು ಕಸ್ಟಮ್ಸ್ ಅಧಿಕಾರಿಗಳು ತೆರೆದರು. ಒಳಗೆ 234 ಜೀವಿಗಳಿದ್ದವು: ಹೆಬ್ಬಾವು, ಊಸರವಳ್ಳಿ, ಇಗುವಾನಾ, ಆಮೆ, ಮೊಸಳೆಮರಿ. ಜೊತೆಗೆ ಉಸಿರುಗಟ್ಟಿ ಸತ್ತ ಒಂದು ಕಾಂಗರೂ ಮರಿ.

ಪ್ರಿಯ ಓದುಗರೇ, ಪೆಟ್ಟಿಗೆ ಹೊತ್ತವನು ಒಬ್ಬ. ಹೊರಿಸಿದವರು ಯಾರು? ಅಪರೂಪದ ಪ್ರಾಣಿಯನ್ನು ಮನೆಯಲ್ಲಿಟ್ಟು ನಾಲ್ಕು ಜನರ ಬೆರಗನ್ನು ಬಯಸುವವರಲ್ಲವೇ? ಕೊಳ್ಳುವವರಿಲ್ಲದಿದ್ದರೆ ಆ ಮರಿ ತಾಯಿಯ ಮಡಿಲಲ್ಲೇ ಇರುತ್ತಿತ್ತು.

ಇಸ್ಲಾಮ್ ಪ್ರಾಣಿ ಸಾಕುವುದನ್ನು ನಿಷೇಧಿಸಿಲ್ಲ. ಹ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಕಿರುಹಕ್ಕಿ ಸತ್ತಾಗ, ಪ್ರವಾದಿವರ್ಯರು(ಸ) ಆ ಬಾಲಕನನ್ನು ಅಕ್ಕರೆಯಿಂದ ವಿಚಾರಿಸಿದ್ದರು. ಆದರೆ ಬೆಕ್ಕೊಂದನ್ನು ಕೂಡಿಹಾಕಿದ್ದಕ್ಕಾಗಿ ನರಕಕ್ಕೆ ಹೋದ ಸ್ತ್ರೀಯ ಕುರಿತು ಎಚ್ಚರಿಸಿದವರೂ ಅವರೇ. ಆಕೆ ಅದಕ್ಕೆ ಉಣಿಸಲಿಲ್ಲ. ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲ. ಕೊಟ್ಟಿಗೆಯಲ್ಲಿ ಸೀಮೆಹಸು ಕಟ್ಟಿದವರಿಗೆ ಈ ಮಾತಿನ ತೂಕ ಗೊತ್ತು. ಹಗ್ಗ ಕಟ್ಟಿದ ಗಳಿಗೆಯಿಂದ ಅದರ ಮೇವು, ನೀರು, ನೆರಳು ನಮ್ಮ ಹೊಣೆ. ಹೀಗಿರುವಾಗ, ಆಹಾರವೇನು, ರೋಗವೇನು ಎಂದು ನಮಗೇ ತಿಳಿಯದ ಜೀವಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಬಂಧಿಸಿದರೆ ಅಲ್ಲಾಹನಿಗೆ ಏನು ಉತ್ತರ ಕೊಡೋಣ?

ದೂರದ ಮಾತೇಕೆ? ಕರ್ನಾಟಕ-ಆಂಧ್ರ ಗಡಿಯ ಕುರುಚಲು ಕಾಡಿನ ನಕ್ಷತ್ರ ಆಮೆಯನ್ನೇ ನೋಡಿ. ಮನೆಗೆ ಅದೃಷ್ಟ ತರುತ್ತದೆಂದು ನಂಬಿ ಅದನ್ನು ಕದ್ದುಮುಚ್ಚಿ ಕೊಳ್ಳುವವರಿದ್ದಾರೆ. ಜೀವನಾಧಾರ ನೀಡುವವನು ಅಲ್ಲಾಹನೆಂದು ಸಾಕ್ಷ್ಯ ನುಡಿದ ನಾಲಿಗೆ, ಆಮೆಯ ಚಿಪ್ಪಿನಲ್ಲಿ ಬರಕತ್ ಹುಡುಕುವುದೇ? ಬಿಸಿಲೂ ಸರಿಯಾದ ಸೊಪ್ಪೂ ಸಿಗದೆ ಆ ಚಿಪ್ಪೇ ವಿಕಾರವಾಗುತ್ತದೆ. 1972ರ ವನ್ಯಜೀವಿ ಕಾಯ್ದೆಯಂತೆ ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. 2019ರಲ್ಲಿ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ತಡೆ ಬಿತ್ತು.

ಹಕ್ಕಿಯೊಂದರ ಮರಿಗಳನ್ನು ಸಂಗಾತಿಗಳು ಎತ್ತಿಕೊಂಡು ಬಂದಾಗ, ತಾಯಿಯ ಚಡಪಡಿಕೆ ಕಂಡ ಪ್ರವಾದಿವರ್ಯರು(ಸ) ಮರಿಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದರು. ನಮಗೂ ಅದೇ ದಾರಿ. ಅಂಥ ಜೀವಿ ಮನೆಯಲ್ಲಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿರಿ. ಕಂಡಕಂಡಲ್ಲಿ ಬಿಡುವುದು ದಯೆಯಲ್ಲ. ಪರಸ್ಥಳದಲ್ಲಿ ಅದು ಬದುಕಲಾರದು, ಇಲ್ಲವೇ ಇಲ್ಲಿನ ಜೀವಿಗಳಿಗೆ ಕಂಟಕವಾದೀತು. ಮಕ್ಕಳು ಹಟ ಹಿಡಿದರೆ ಅಂಗಳದಲ್ಲಿ ಹಕ್ಕಿಗಳಿಗೆ ನೀರಿಡಲು ಕಲಿಸಿರಿ.

ಪ್ರಾಣಿಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳು, ಅವೂ ತಮ್ಮ ಪ್ರಭುವಿನೆಡೆಗೆ ಒಟ್ಟುಗೂಡಿಸಲ್ಪಡುವುವು ಎಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಇಂದು ಮೂಕವಾಗಿರುವ ಜೀವಿ ಅಂದು ನಮ್ಮ ವಿರುದ್ಧ ಫಿರ್ಯಾದಿಯಾಗಿ ನಿಲ್ಲದಿರಲಿ.