ರೋಗಿಯ ಮಾತು ಯಾರ ಹೊಣೆ?



ಆದಿ ಧರ್ಮಸಭೆಯಲ್ಲಿ ಕೇಳಿಬಂದ ಒಂದು ಗೊಣಗಾಟವನ್ನು ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದೆ. ಜೆರುಸಲೇಮಿನ ವಿಶ್ವಾಸಿಗಳು ಪ್ರತಿದಿನ ವಿಧವೆಯರಿಗೆ ಆಹಾರ ಹಂಚುತ್ತಿದ್ದರು. ಆ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರು ಮಾತ್ರ ಬಿಟ್ಟುಹೋಗುತ್ತಿದ್ದರು. ಯಾರೋ ಬೇಕೆಂದೇ ಅವರ ಪಾಲು ಕಸಿದರು ಎಂದು ಅಲ್ಲಿ ಹೇಳಿಲ್ಲ. ಹಂಚುವವರ ಭಾಷೆ ಬಲ್ಲವರು ಕೂಗಿ ಕೇಳಿರಬಹುದು, ಭಾಷೆ ಬಾರದವರು ಹಿಂದೆ ನಿಂತಿರಬಹುದು. ದ್ವೇಷವಿಲ್ಲದೆಯೂ ಹಸಿವು ಉಳಿಯಿತು.

ಪ್ರೇಷಿತರು ಏನು ಮಾಡಿದರು? ಆ ವಿಧವೆಯರಿಗೆ ಮೊದಲು ಊರಿನ ಭಾಷೆ ಕಲಿತು ಬನ್ನಿ ಎನ್ನಲಿಲ್ಲ, ತಾಳ್ಮೆಯ ಬಗ್ಗೆ ಪ್ರಸಂಗವನ್ನೂ ಮಾಡಲಿಲ್ಲ. ಏಳು ಮಂದಿಯನ್ನು ಆರಿಸಿ ಹಂಚಿಕೆಯ ಕೆಲಸವನ್ನು ಅವರ ಕೈಗಿತ್ತರು. ಸ್ತೇಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳನ್ನು ಗಮನಿಸಿ. ಎಲ್ಲವೂ ಗ್ರೀಕ್ ಹೆಸರುಗಳೇ. ಯಾರ ದನಿ ಕೇಳುತ್ತಿರಲಿಲ್ಲವೋ ಅವರ ಭಾಷೆಯವರನ್ನೇ ಸೇವೆಗೆ ನಿಲ್ಲಿಸಲಾಯಿತು ಎಂದು ತಿಳಿಯುವುದರಲ್ಲಿ ತಪ್ಪಿಲ್ಲ.

ಈ ಪ್ರಸಂಗವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಆಸ್ಪತ್ರೆಗಳ ಕಡೆ ನೋಡೋಣ. ವೈದ್ಯರು ನುರಿತವರು, ಔಷಧಿ ಒಳ್ಳೆಯದು, ದಾದಿಯರು ಕರುಣೆಯುಳ್ಳವರು. ಆದರೆ ರೋಗಿ ಹೇಳಿದ್ದು ಅವರಿಗೆ ತಿಳಿಯದು, ಅವರು ಹೇಳಿದ್ದು ರೋಗಿಗೆ ತಿಳಿಯದು. ಇಂಥಲ್ಲಿ ಅರ್ಥ ಮಾಡಿಸುವ ಹೊಣೆ ಯಾರದು? ಚಿಕಿತ್ಸೆ ಸರಿಯಾಗಿದ್ದರೆ ಸಾಕು, ಮಾತು ಮೇಲಿನ ಉಪಚಾರವಷ್ಟೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಹಾಗಲ್ಲ ಎನ್ನುವುದಕ್ಕೆ ದೂರದ ಒಂದು ಘಟನೆಯನ್ನು ಹೇಳುತ್ತೇನೆ.

1980ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಹದಿನೆಂಟು ವರ್ಷದ ಯುವಕನೊಬ್ಬನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಕ್ಯೂಬಾದಿಂದ ಬಂದ ಕುಟುಂಬ. ಮನೆಯವರಿಗೆ ಸ್ಪ್ಯಾನಿಷ್ ಮಾತ್ರ ಚೆನ್ನಾಗಿ ಬರುತ್ತಿತ್ತು. ಅವರು 'ಇಂಟಾಕ್ಸಿಕಾಡೊ' ಎಂಬ ಪದ ಬಳಸಿದರು. ಅವರ ಆಡುಮಾತಿನಲ್ಲಿ ತಿಂದದ್ದೋ ಕುಡಿದದ್ದೋ ಮೈಗಾಗಲಿಲ್ಲ ಎಂದು ಅದರ ಅರ್ಥ. ವೈದ್ಯರ ಕಿವಿಗೆ ಅದು ಇಂಗ್ಲಿಷಿನ ಪದದಂತೆ ಕೇಳಿಸಿತು. ಹುಡುಗ ಮಾದಕ ವಸ್ತು ಸೇವಿಸಿದ್ದಾನೆಂದು ತಿಳಿದು ಅದಕ್ಕೆ ಚಿಕಿತ್ಸೆ ನೀಡಿದರು. ನಿಜಕ್ಕೂ ಅವನ ಮಿದುಳಿನಲ್ಲಿ ರಕ್ತಸ್ರಾವವಾಗುತ್ತಿತ್ತು. ಅದು ತಿಳಿಯುವಷ್ಟರಲ್ಲಿ ಕೈಕಾಲುಗಳ ಸ್ವಾಧೀನ ಶಾಶ್ವತವಾಗಿ ಹೋಗಿತ್ತು. ಅವನ ಜೀವಮಾನಕ್ಕೆ ಸುಮಾರು 7 ಕೋಟಿ 10 ಲಕ್ಷ ಡಾಲರ್ ಆಗಬಹುದಾದ ಪರಿಹಾರ ಕೊಡಬೇಕಾಯಿತು. ಅಲ್ಲಿ ಯಾರೂ ದುಭಾಷಿಯನ್ನು ಕರೆಯಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗಿದೆ ಎಂದೇ ಎರಡೂ ಕಡೆಯವರು ನಂಬಿದ್ದರು. ಏನೂ ಅರ್ಥವಾಗದಿದ್ದರೆ ಸಹಾಯ ಕೇಳುತ್ತೇವೆ. ಅರೆಬರೆ ಅರ್ಥವಾದಾಗಲೇ ಅಪಾಯ ಹೆಚ್ಚು.

ಅದು ಅಮೆರಿಕದ ಮಾತಾಯಿತು ಎನ್ನುವಿರಾ? ನಮ್ಮದೇ 'ಸಂಕಟ' ಎಂಬ ಪದವನ್ನು ತೆಗೆದುಕೊಳ್ಳಿ. ಒಬ್ಬಳಿಗೆ ಸಂಕಟವೆಂದರೆ ಹೊಟ್ಟೆ ತೊಳಸುವುದು, ಇನ್ನೊಬ್ಬನಿಗೆ ಎದೆ ಹಿಂಡಿದಂತಾಗುವುದು, ಮತ್ತೊಬ್ಬರಿಗೆ ಮನಸ್ಸಿನ ದುಃಖ. ಹೃದಯಾಘಾತವಾದ ಎಷ್ಟೋ ಮಂದಿಗೆ ಎದೆಯ ಮೇಲೆ ಭಾರ ಹೇರಿದಂತೆ, ಬಿಗಿದು ಕಟ್ಟಿದಂತೆ ಆಗುತ್ತದೆಯೇ ಹೊರತು ಅದನ್ನು ಅವರು 'ನೋವು' ಎನ್ನುವುದಿಲ್ಲ. ಹೊರಗಿನಿಂದ ಬಂದ ವೈದ್ಯರು ಕಲಿತ ನಾಲ್ಕು ಕನ್ನಡ ಪದಗಳಲ್ಲಿ "ಎದೆ ನೋವು ಇದೆಯಾ?" ಎಂದು ಕೇಳುತ್ತಾರೆ. ಹಳ್ಳಿಯ ಅಜ್ಜ ಪ್ರಾಮಾಣಿಕವಾಗಿ "ಇಲ್ಲ ಸ್ವಾಮಿ" ಎನ್ನುತ್ತಾನೆ. ಯಾರೂ ಸುಳ್ಳು ಹೇಳಲಿಲ್ಲ. ಆದರೂ ಸತ್ಯ ತಿಳಿಯಲಿಲ್ಲ.

ಇನ್ನು ಔಷಧಿ ಚೀಟಿ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಲತೀನ್ ಭಾಷೆ ನಮ್ಮ ಪೀಠಗಳಿಂದ ಬಹುಮಟ್ಟಿಗೆ ಇಳಿಯಿತು, ಆದರೆ ಔಷಧಿ ಚೀಟಿಯಿಂದ ಇಳಿಯಲಿಲ್ಲ! 'ಬಿ.ಡಿ.', 'ಟಿ.ಡಿ.ಎಸ್.' ಎಂದು ಬರೆಯುವುದೆಲ್ಲ ಲತೀನ್ ಪದಗಳ ಮೊದಲಕ್ಷರಗಳೇ. ದಿನಕ್ಕೆ ಎರಡು ಸಲ, ಮೂರು ಸಲ ಎಂದು ಅರ್ಥ. ಬಲಿಪೂಜೆ ಯಾವ ಭಾಷೆಯಲ್ಲಿ ನಡೆಯಬೇಕೆಂದು ನಾವು ಎಷ್ಟು ವರ್ಷ ವಾದಿಸಿದ್ದೇವೆ, ಎಷ್ಟು ಮನಸ್ಸುಗಳು ಮುರಿದಿವೆ ಎಂಬುದು ನಿಮಗೆ ಗೊತ್ತು. ಪೀಠದ ಮುಂದಿನ ಭಾಷೆಗಾಗಿ ತೋರಿದ ಆ ಆಸಕ್ತಿಯಲ್ಲಿ ಕಾಲುಭಾಗವನ್ನಾದರೂ ರೋಗಿಯ ಮಂಚದ ಬಳಿಯ ಭಾಷೆಗಾಗಿ ತೋರಿದ್ದೇವೆಯೇ?

ಇದು ದಯೆಯ ಪ್ರಶ್ನೆಯೋ ನ್ಯಾಯದ ಪ್ರಶ್ನೆಯೋ ಎಂಬುದನ್ನು ಸ್ವಲ್ಪ ನಿಂತು ಯೋಚಿಸಬೇಕು. ದಯೆಯಾದರೆ, ಅನುಕೂಲವಿದ್ದಾಗ ಮಾಡಬಹುದು, ಇಲ್ಲದಾಗ ಬಿಡಬಹುದು. ನ್ಯಾಯವಾದರೆ ರೋಗಿ ಕೇಳಿ ಪಡೆಯಬಹುದು. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾನೂನಿನ ಆಧಾರದ ಮೇಲೆ, ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಇಂಗ್ಲಿಷ್ ಬಾರದವರಿಗೂ ಅರ್ಥವಾಗುವಂತೆ ಸೇವೆ ಕೊಡಬೇಕೆಂಬ ವಾದ ಬೆಳೆಯಿತು. 2000ದಲ್ಲಿ ಅಧ್ಯಕ್ಷರ ಆದೇಶವೊಂದು ಇದಕ್ಕೆ ಬಲ ನೀಡಿತು. 2025ರ ಮಾರ್ಚಿನಲ್ಲಿ ಇನ್ನೊಬ್ಬ ಅಧ್ಯಕ್ಷರು ಆ ಆದೇಶವನ್ನು ಹಿಂತೆಗೆದುಕೊಂಡರು. ನಮ್ಮ ದೇಶದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿತು. ಕಾಯಿಲೆಯ ವಿವರವನ್ನು ರೋಗಿಗೆ ತಿಳಿದ ಭಾಷೆಯಲ್ಲಿ ಹೇಳಬೇಕೆಂದು ಅದರಲ್ಲೂ ಇದೆ. ಕಾಗದದ ಮೇಲೆ ಬರೆದದ್ದು ವಾರ್ಡಿನೊಳಗೆ ಬರಲು ಮನುಷ್ಯರೇ ಬೇಕು. ನನ್ನ ಮಟ್ಟಿಗೆ ಇದು ನ್ಯಾಯವೇ. ತನ್ನ ದೇಹಕ್ಕೆ ಏನು ಮಾಡಲಾಗುತ್ತಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿದವರು ಒಪ್ಪಿಗೆ ಕೊಟ್ಟರೆಂದು ಹೇಗೆ ಹೇಳುವುದು? ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ವ್ಯಕ್ತಿಯನ್ನು ರಿಪೇರಿಗೆ ಬಂದ ವಸ್ತುವಿನಂತೆ ಕಂಡ ಹಾಗಾಗುತ್ತದೆ.

"ಮನೆಯವರು ಇದ್ದಾರಲ್ಲ, ಅವರೇ ಹೇಳುತ್ತಾರೆ" ಎಂಬುದು ಎಲ್ಲೆಡೆ ಕೇಳಿಬರುವ ಮಾತು. ಆ ಮನೆಯವರು ಬಹಳ ಸಲ ಶಾಲೆಗೆ ಹೋಗುವ ಮಗು. ತಾಯಿಯ ಗರ್ಭಕೋಶದಲ್ಲಿ ಗೆಡ್ಡೆಯಿದೆ ಎಂಬುದನ್ನು ಹತ್ತು ವರ್ಷದ ಮಗ ಹೇಳಬೇಕು. ಮುಟ್ಟಿನ ವಿಚಾರವನ್ನು ತಾಯಿ ಮಗನ ಬಾಯಲ್ಲಿ ವೈದ್ಯರಿಗೆ ಹೇಳಿಸಬೇಕು. ಅವಳು ಅರ್ಧ ಮುಚ್ಚಿಡುತ್ತಾಳೆ, ಅವನು ಉಳಿದರ್ಧ ಹೆದರಿ ನುಂಗುತ್ತಾನೆ. ಕೆಲವೆಡೆ ಮಾತನಾಡುವವನು ಗಂಡ, ಹೆಂಡತಿಯ ಮೈಮೇಲಿನ ಗಾಯಕ್ಕೆ ಕಾರಣವೂ ಅವನೇ. ಆಗ ಅವಳು ಬಚ್ಚಲಲ್ಲಿ ಜಾರಿ ಬಿದ್ದದ್ದೆಂದೇ ಅನುವಾದವಾಗುತ್ತದೆ.

ನಮ್ಮ ಧರ್ಮಸಭೆ ಈ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದೆ ನೋಡಿ. ಭಾಷೆ ಬಾರದ ಊರಿನಲ್ಲಿ ದುಭಾಷಿಯ ಮೂಲಕ ಪಾಪನಿವೇದನೆ ಮಾಡಲು ಧರ್ಮಸಭೆಯ 1983ರ ಕಾನೂನು ಸಂಹಿತೆ ಅವಕಾಶ ಕೊಡುತ್ತದೆ. ಅದೇ ಸಂಹಿತೆ ಆ ದುಭಾಷಿಯನ್ನೂ ಗುಟ್ಟು ಕಾಯುವ ಕರ್ತವ್ಯಕ್ಕೆ ಬಿಗಿಯುತ್ತದೆ. ನಿಮ್ಮ ಪಾಪನಿವೇದನೆಗೆ ನಿಮ್ಮ ಹತ್ತು ವರ್ಷದ ಮಗನನ್ನು ದುಭಾಷಿಯಾಗಿ ಕರೆದೊಯ್ಯುವಿರಾ? ಆತ್ಮದ ಗಾಯಕ್ಕೆ ಬೇಕಾದ ಮರ್ಯಾದೆ ದೇಹದ ಗಾಯಕ್ಕೂ ಬೇಕಲ್ಲವೇ?

ಒಂದು ಆಕ್ಷೇಪಣೆ ಬರುತ್ತದೆಂದು ಬಲ್ಲೆ. ಕನ್ನಡ ನಾಡಿಗೆ ಬಂದವರು ಕನ್ನಡ ಕಲಿಯಬೇಡವೇ? ಖಂಡಿತ ಕಲಿಯಬೇಕು. ಇಲ್ಲಿ ವರ್ಷಗಟ್ಟಲೆ ದುಡಿದು ಕನ್ನಡದಲ್ಲಿ ಊಟವಾಯಿತೇ ಎಂದು ಕೇಳಲು ಬಾರದವರನ್ನು ಕಂಡರೆ ನನಗೂ ಬೇಸರವಾಗುತ್ತದೆ. ಅದರಲ್ಲೂ ರೋಗಿಗಳ ಸೇವೆಗೆ ಬರುವ ವೈದ್ಯರಿಗೆ, ದಾದಿಯರಿಗೆ ಈ ಮಾತು ಮೊದಲು ಅನ್ವಯಿಸಬೇಕು. ಯಾದಗಿರಿಯಿಂದ ಬಂದ ತಾಯಿ ಬೆಂಗಳೂರಿನಲ್ಲಿಯೂ, ಅಂದರೆ ತನ್ನ ರಾಜ್ಯದ ರಾಜಧಾನಿಯಲ್ಲಿಯೂ, ಇಂಗ್ಲಿಷ್ ಫಲಕಗಳ ನಡುವೆ ದಿಕ್ಕು ತೋಚದೆ ನಿಲ್ಲುವುದು ನಾಚಿಕೆಗೇಡು. ಕೇರಳದಿಂದ ಬಂದು ಆರು ತಿಂಗಳಲ್ಲಿ ಕನ್ನಡ ಕಲಿತು ಅಜ್ಜಿಯರಿಗೆ ಮಗಳಂತಾದ ಧರ್ಮಭಗಿನಿಯರೂ, ದಾದಿಯರೂ ಎಷ್ಟೋ ಮಂದಿ ಇದ್ದಾರೆ. ಅವರನ್ನು ನೆನೆಯದಿದ್ದರೆ ಅನ್ಯಾಯವಾದೀತು. ಆದರೆ ಕಟ್ಟಡದ ಮೇಲಿಂದ ಬಿದ್ದ ಒಡಿಶಾದ ಕೂಲಿಯವನಿಗೆ ಭಾಷಾಭಿಮಾನದ ಪಾಠ ಹೇಳಲು ತುರ್ತು ಚಿಕಿತ್ಸಾ ಕೊಠಡಿ ತಕ್ಕ ಜಾಗವಲ್ಲ. ಮಲಗಿರುವವನಿಗಿಂತ ನಿಂತಿರುವವನ ಮೇಲೆ ಹೊರೆ ಹೆಚ್ಚು.

ಸಣ್ಣ ಮಿಷನ್ ಆಸ್ಪತ್ರೆಗಳಿಗೆ ಹಣದ ಅಡಚಣೆ ಇದೆ ಎಂಬುದೂ ನಿಜ. ಹಣವಿಲ್ಲದಿದ್ದಾಗ ಏನು ಮಾಡಬಹುದೆಂದು ತೋರಿಸಿಕೊಟ್ಟವರು ಧರ್ಮಭಗಿನಿ ಡಾಕ್ಟರ್ ಮೇರಿ ಗ್ಲೌರಿ. ಪುರುಷ ವೈದ್ಯರ ಬಳಿ ಹೋಗಲಾರದೆ ಭಾರತದ ಹೆಂಗಸರು ಹೆರಿಗೆಯಲ್ಲಿ ಸಾಯುತ್ತಿರುವುದನ್ನು ಪುಸ್ತಿಕೆಯೊಂದರಲ್ಲಿ ಓದಿದ ಈ ಆಸ್ಟ್ರೇಲಿಯಾದ ವೈದ್ಯೆ 1920ರಲ್ಲಿ ಗುಂಟೂರಿಗೆ ಬಂದರು. ಕನ್ಯಾಸ್ತ್ರೀಯರು ವೈದ್ಯವೃತ್ತಿ ನಡೆಸುವಂತಿಲ್ಲದ ಆ ಕಾಲದಲ್ಲಿ ಅವರು ಜಗದ್ಗುರುಗಳ ವಿಶೇಷ ಅನುಮತಿ ಪಡೆಯಬೇಕಾಯಿತು. ಒಬ್ಬಳೇ ವೈದ್ಯೆ ಎಷ್ಟು ಮಂದಿಯನ್ನು ನೋಡಲು ಸಾಧ್ಯ? ಅಲ್ಲಿನ ಹೆಣ್ಣುಮಕ್ಕಳಿಗೇ ಅವರು ಔಷಧಿ ಕೊಡುವುದನ್ನೂ, ಶುಶ್ರೂಷೆ ಮತ್ತು ಸೂಲಗಿತ್ತಿಯ ಕೆಲಸವನ್ನೂ ಕಲಿಸಿದರು. 1943ರಲ್ಲಿ ನಮ್ಮ ದೇಶದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿ, 1957ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. 2005ರ ನಂತರ ಸರ್ಕಾರ ಆಶಾ ಕಾರ್ಯಕರ್ತೆಯರನ್ನು ನೇಮಿಸಿದಾಗಲೂ ಆಯಾ ಊರಿನ ಹೆಣ್ಣುಮಗಳೇ ಇರಬೇಕೆಂದು ನಿಯಮ ಮಾಡಿತು. ಬಸುರಿ ಸೊಸೆಯ ಬಳಿ ಯಾವಾಗ, ಅತ್ತೆಯ ಎದುರಿಗೋ ಹಿತ್ತಲಿನಲ್ಲೋ, ಯಾವ ಮಾತು ಆಡಬೇಕೆಂಬುದು ಆ ಊರಿನವಳಿಗಷ್ಟೇ ಗೊತ್ತು.

ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಕಿವಿ ಕೇಳದ, ಮಾತು ತೊದಲುವ ಮನುಷ್ಯನೊಬ್ಬ ಬರುತ್ತಾನೆ. ಯೇಸುಸ್ವಾಮಿ ಅವನನ್ನು ಜನರ ಗುಂಪಿನಿಂದ ಒತ್ತಟ್ಟಿಗೆ ಕರೆದೊಯ್ದು, ಅವನ ಕಿವಿಯಲ್ಲಿ ಬೆರಳಿಟ್ಟು, ನಾಲಿಗೆಯನ್ನು ಮುಟ್ಟಿದರು. ಒಂದೇ ಮಾತಿನಿಂದ ಗುಣಪಡಿಸಬಲ್ಲವರು ಇಷ್ಟೆಲ್ಲ ಏಕೆ ಮಾಡಿದರು? ಕೇಳದವನಿಗೆ ಮಾತು ತಲುಪದು, ಸ್ಪರ್ಶ ತಲುಪುತ್ತದೆ. ತನಗೆ ಏನಾಗಲಿದೆ ಎಂಬುದು ಗುಣವಾಗುವ ಮೊದಲೇ ಅವನಿಗೆ ತಿಳಿಯಿತು, ಅದೂ ಅವನಿಗೆ ಅರ್ಥವಾಗುವ ರೀತಿಯಲ್ಲಿ, ನೋಡುವ ಜನರಿಲ್ಲದ ಕಡೆ. ಪ್ರಭು ಆಡಿದ 'ಎಪ್ಫಥಾ' ಎಂಬ ಅರಮಾಯಿಕ್ ಪದವನ್ನು ಹಾಗೆಯೇ ಉಳಿಸಿದ ಮಾರ್ಕನು, ಗ್ರೀಕ್ ಓದುಗರು ತಬ್ಬಿಬ್ಬಾಗದಿರಲೆಂದು ಕೂಡಲೇ ಅರ್ಥವನ್ನೂ ಬರೆದಿದ್ದಾನೆ.

ಫೆಬ್ರವರಿ 11 ವಿಶ್ವ ರೋಗಿಗಳ ದಿನ. 1993ರಿಂದ ಧರ್ಮಸಭೆ ಇದನ್ನು ಆಚರಿಸುತ್ತಿದೆ. ಅಂದು ನಮ್ಮ ಧರ್ಮಕೇಂದ್ರಗಳಿಂದ ಹಣ್ಣು, ಬ್ರೆಡ್ಡು ಹಿಡಿದು ಆಸ್ಪತ್ರೆಗೆ ಹೋಗುವ ರೂಢಿಯಿದೆ, ಒಳ್ಳೆಯದೇ. ಮುಂದಿನ ಸಲ ಹೋದಾಗ ಅಲ್ಲಿನ ಮೇಲ್ವಿಚಾರಕಿಯನ್ನು ಕೇಳಿ ನೋಡಿ: ಯಾವ ಭಾಷೆಯ ರೋಗಿಗಳು ಬಂದಾಗ ನಿಮಗೆ ಹೆಚ್ಚು ಕಷ್ಟವಾಗುತ್ತದೆ? ಕನ್ನಡವೇ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ; ನಿವೃತ್ತ ಶಿಕ್ಷಕರು ನಮ್ಮ ನಡುವೆ ಬೇಕಾದಷ್ಟಿದ್ದಾರೆ, ದಾದಿಯರಿಗೆ ವಾರಕ್ಕೆರಡು ಸಂಜೆ ಕಲಿಸಬಹುದು. ಒಡಿಯಾ ಅಥವಾ ಸಾದ್ರಿ ಎಂದರೆ, ಬೆಂಗಳೂರಿನವರು ಭಾನುವಾರದ ಪೂಜೆಯಲ್ಲಿ ಹಿಂದಿನ ಸಾಲುಗಳನ್ನು ಒಮ್ಮೆ ತಿರುಗಿ ನೋಡಲಿ. ಜಾರ್ಖಂಡ್, ಒಡಿಶಾದಿಂದ ಕೂಲಿಗೆ, ಮನೆಗೆಲಸಕ್ಕೆ ಬಂದ ನಮ್ಮದೇ ವಿಶ್ವಾಸದ ಯುವಕ ಯುವತಿಯರು ಅಲ್ಲಿ ಕುಳಿತಿರುತ್ತಾರೆ. ಅವರ ಹೆಸರು ಕೂಡ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಆಸ್ಪತ್ರೆಯಿಂದ ಕರೆ ಬಂದಾಗ ಅವರಲ್ಲಿ ಇಬ್ಬರು ಬರಲು ಒಪ್ಪಿದರೆ ಸಾಕು. ಗುಟ್ಟು ಕಾಯಬೇಕೆಂದು ಅವರಿಗೆ ಮೊದಲೇ ತಿಳಿಸಿ ಹೇಳಬೇಕು. ಕೆಲಸ ಬಿಟ್ಟು ಬರುವವರಿಗೆ ಆ ದಿನದ ಕೂಲಿಯನ್ನು ಧರ್ಮಕೇಂದ್ರದ ನಿಧಿಯಿಂದ ಕೊಡಬೇಕಾಗುತ್ತದೆ.