ನಮ್ಮದೆಂಬ ತುತ್ತು

ರೋಣ, ನರಗುಂದ, ಗಜೇಂದ್ರಗಡ ಸೀಮೆಗಳ ಎರೆಹೊಲಗಳಲ್ಲಿ ಹಿಂಗಾರಿಯ ಮುಖ್ಯ ಬೆಳೆಗಳೆಂದರೆ ಬಿಳಿಜೋಳ ಮತ್ತು ಕಡಲೆ. ಆದುದರಿಂದಲೇ ಇಲ್ಲಿ ಬಡವನ ಬುತ್ತಿಯಲ್ಲಿಯೂ ಸಿರಿವಂತನ ತಾಟಿನಲ್ಲಿಯೂ ಜೋಳದ ರೊಟ್ಟಿಗೆ ಕಡಲೆಹಿಟ್ಟಿನ ಝುಣಕವು ಜೊತೆಯಾಗಿರುವುದು. ಒಗ್ಗರಣೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ಮೆಣಸಿನಕಾಯಿಗಳು ಬಾಡಿ, ನೀರು ಮರಳಿದ ಮೇಲೆ ಒಂದು ಕೈಯಿಂದ ಹಿಟ್ಟನ್ನು ಉದುರಿಸುತ್ತ ಇನ್ನೊಂದು ಕೈಯಿಂದ ಗಂಟಾಗದಂತೆ ತಿರುವುವುದೇ ಇದರ ಕುಶಲತೆ. ಕೆಲವರು ಅದನ್ನು ತಾಟಿಗೆ ತಟ್ಟಿ ವಡಿ ಕೊಯ್ಯುವರು. ಇದು ತಮ್ಮದೆಂದು ಇಲ್ಲಿಯವರು ಹೇಳುವರು. ಮರಾಠಿಗರೂ ಅದನ್ನೇ ಹೇಳುವರು. ಹಾಗಾದರೆ 'ನಮ್ಮದು' ಎಂಬ ಮಾತಿಗೆ ಅರ್ಥವೇನು?

ಈ ನೆಲದಲ್ಲಿ ಹುಟ್ಟಿದುದೇ ನಮ್ಮದೆಂಬುದು ಮೊದಲು ತೋರುವ ಉತ್ತರ. ಆದರೆ ಜೋಳವು ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದುದು. ಕಡಲೆಯ ತವರು ಪಶ್ಚಿಮ ಏಶಿಯ. ಮೆಣಸಿನಕಾಯಿಯು ಅಮೇರಿಕ ಖಂಡದ್ದು, 16ನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗುಗಳೊಡನೆ ಈ ದೇಶವನ್ನು ಮುಟ್ಟಿತು. ಕನ್ನಡವು ಆ ಅತಿಥಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮನೆಯೊಳಗೆ ಕರೆದುಕೊಂಡಿತು. ಹುಟ್ಟಿನ ಅಳತೆಗೋಲನ್ನು ಹಿಡಿದರೆ ತಾಟಿನಲ್ಲಿ ಅರಿಸಿನದ ಹೊರತು ಹೆಚ್ಚೇನೂ ಉಳಿಯಲಾರದು.

ಮೊದಲು ಮಾಡಿದವರದೇ ಅಡುಗೆ ಎನ್ನೋಣವೆಂದರೆ, ಅಡುಗೆಮನೆಗೆ ಶಿಲಾಶಾಸನವಿಲ್ಲ. ನರಗುಂದದಲ್ಲಿ 1858ರ ಬಂಡಾಯದವರೆಗೆ ಭಾವೆಯವರು, ಗಜೇಂದ್ರಗಡದಲ್ಲಿ ಘೋರ್ಪಡೆಯವರು ಆಳಿದರು. ಎರಡು ಭಾಷೆಗಳ ಒಲೆಗಳು ಒಂದೇ ಓಣಿಯಲ್ಲಿ ಉರಿದವು. ಹೊಗೆಯನ್ನು ಬೇರ್ಪಡಿಸುವವನಾರು?

ದೂರದ ಬ್ರಾಝಿಲ ದೇಶದಲ್ಲಿ ಇಂಥದೇ ಒಂದು ಅಡುಗೆಯುಂಟು. ಗೋವಿನಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ಬಿಡದೆ ತಿರುವಿ ಮಾಡುವ ಪೊಲೆಂತವನ್ನು ಅಲ್ಲಿ ಕೋಳಿಯ ಸಾರಿನೊಡನೆ ಉಣ್ಣುವರು. ಅಮೇರಿಕದ ಆ ಕಾಳು ಮೊದಲು ಇಟಲಿಗೆ ಹೋಗಿ ವೆನೆತೊ ಪ್ರಾಂತದ ಬಡವರ ಅನ್ನವಾಯಿತು. ಅದೊಂದನ್ನೇ ಉಂಡವರಿಗೆ ಪೆಲಾಗ್ರ ಎಂಬ ರೋಗವೂ ತಗಲಿತು. 1875ರಿಂದ ಆ ಬಡವರು ತಂಡತಂಡವಾಗಿ ಬ್ರಾಝಿಲಕ್ಕೆ ಹೋಗಿ ನೆಲಸಿದರು. 1888ರಲ್ಲಿ ಅಲ್ಲಿ ಗುಲಾಮಗಿರಿಯು ರದ್ದಾದ ಮೇಲೆ ಸಾವೊ ಪೌಲೊ ಪ್ರಾಂತದ ಕಾಫಿ ತೋಟಗಳಲ್ಲಿ ಬಹುಜನ ದುಡಿದರು. ಕಾಳು ಆ ನೆಲಕ್ಕೆ ಹೊಸದಲ್ಲ. ತಿರುವಿದ ಕೈ ಹೊಸದು. ಇಂದು ಆ ಉಣಿಸನ್ನು ಬ್ರಾಝಿಲದವರು ತಮ್ಮದೆಂದು ಪ್ರೀತಿಯಿಂದ ಉಣ್ಣುತ್ತಾರೆ. ಆದರೆ ತೋಟಗಳಲ್ಲಿ ತನ್ನ ಜನರು ಪಡುವ ಕಷ್ಟವನ್ನು ಕೇಳಿ, 1902ರಲ್ಲಿ ಇಟಲಿಯ ಸರಕಾರವು ಪುಕ್ಕಟೆ ಹಡಗುಖರ್ಚು ಕೊಟ್ಟು ಕೂಲಿಗಳನ್ನು ಅಲ್ಲಿಗೆ ಒಯ್ಯುವುದನ್ನು ನಿಷೇಧಿಸಬೇಕಾಯಿತು. ಅಡುಗೆಗೆ ದೊರೆತ ಆದರವು ಅಟ್ಟವರಿಗೆ ಆಗ ದೊರೆಯಲಿಲ್ಲ.

ಎಲ್ಲವೂ ಎರವಲಾದರೆ ಸ್ವಂತವೆಂಬುದೇ ಸುಳ್ಳಲ್ಲವೆ ಎಂದು ಯಾರಾದರೂ ಕೇಳಬಹುದು. ಸುಳ್ಳಲ್ಲ. ತಲೆತಲಾಂತರ ಬಿತ್ತಿ, ಕಿತ್ತು, ಬೀಸಿ, ತಿರುವಿ, ಮಕ್ಕಳಿಗೆ ಉಣಿಸಿದ ಶ್ರಮದಿಂದಲೇ ವಸ್ತುವು ತನ್ನದಾಗುವುದು. ಆದರೆ ಶ್ರಮದಿಂದ ಬಂದ ಹಕ್ಕು ಶ್ರಮಪಟ್ಟವರೆಲ್ಲರಿಗೂ ಸಮಾನ. ಆದುದರಿಂದ 'ನಮ್ಮದು' ಎಂದರೆ 'ಅವರದಲ್ಲ' ಎಂದಾಗದು. 'ನಾವೂ ಇದರ ಋಣದಲ್ಲಿದ್ದೇವೆ' ಎಂದಾಗುವುದು.

ಈ ಋಣವನ್ನು ಬಾಯಿಮಾತಿನಿಂದ ತೀರಿಸಲಾಗದು. ಮಳೆ ಕೈಕೊಟ್ಟ ವರ್ಷ ಈ ಭಾಗದ ಕೂಲಿಕಾರರು ಒಣಗಿದ ರೊಟ್ಟಿಯ ಗಂಟನ್ನು ಹೊತ್ತು ಗೋವೆಗೆ, ಮಂಗಳೂರಿಗೆ ದುಡಿಯಹೋಗುವರು. ಅಲ್ಲಿ ಅವರು ಪರಕೀಯರು. ಅವರನ್ನು ಅಲ್ಲಿ ಮನುಷ್ಯರಂತೆ ಕಾಣಬೇಕೆಂದು ಬಯಸುವವನು, ತನ್ನ ಊರಿಗೆ ದುಡಿಯಬಂದವನನ್ನು ಹೇಗೆ ಕಾಣುತ್ತಾನೆಂಬುದನ್ನು ನೋಡಿಕೊಳ್ಳಬೇಕು. ಅದಕ್ಕಿಂತ ಹತ್ತಿರದ ಪ್ರಶ್ನೆಯೂ ಒಂದುಂಟು: ಚುಮುಚುಮು ನಸುಕಿನಲ್ಲಿ ಹೊಲಕ್ಕೆ ಹೋಗಿ ಕಡಲೆ ಕಿತ್ತ ಆಳಿಗೆ, ಆ ಕಡಲೆಯ ಝುಣಕವನ್ನು ಬಡಿಸುವಾಗ ಪಂಕ್ತಿಯಲ್ಲಿ ಸ್ಥಳವುಂಟೆ? ಏಳು ಸಮುದ್ರದಾಚೆಯ ಕಾಯಿಯನ್ನು ಒಳಗೆ ಕರೆದ ಮನೆಯು ಆಳನ್ನು ಹೊಸ್ತಿಲಾಚೆ ಕೂಡ್ರಿಸಿದರೆ, ಆ ಮನೆಯು ರುಚಿಯನ್ನು ಕಲಿತಿದೆ, ಊಟವನ್ನು ಕಲಿತಿಲ್ಲ.