ಬಾಣಂತಿ ಕೋಣೆಯ ಪರಿಮಳ

ಹೆರಿಗೆಯಾದ ಮೂರನೆಯದೋ ನಾಲ್ಕನೆಯದೋ ದಿನ ಬಾಣಂತಿ ಇದ್ದಕ್ಕಿದ್ದಂತೆ ಅಳುತ್ತಾಳೆ. ಅಮ್ಮ ಎಣ್ಣೆ ಹಚ್ಚಿ, ಸುಡುಸುಡು ನೀರು ಹುಯ್ದು, ಕೆಂಡದ ಮೇಲೆ ಸಾಂಬ್ರಾಣಿ, ಬಜೆ, ಓಮ ಉದುರಿಸಿ ಅವಳ ಒದ್ದೆಕೂದಲಿಗೆ ಹೊಗೆ ಹಿಡಿಯುತ್ತಾಳೆ. ನಗರದ ಫ್ಲ್ಯಾಟಿನಲ್ಲಾದರೆ ಗೆಳತಿಯೊಬ್ಬಳು ಲ್ಯಾವೆಂಡರ್ ಎಣ್ಣೆಯ ಪುಟ್ಟ ಸೀಸೆ ತಂದುಕೊಡುತ್ತಾಳೆ. (ಹಸುಗೂಸಿನ ಶ್ವಾಸಕ್ಕೆ ಹೊಗೆ ಆಗದು ಎಂದು ಮಕ್ಕಳ ವೈದ್ಯರು ಗದರುತ್ತಾರೆ. ಅದು ಸರಿಯೇ.) ಎರಡೂ ಕಡೆಯ ಆಸೆ ಒಂದೇ: ಅವಳ ಮನಸ್ಸು ಹಗುರಾಗಲಿ.

'ಅರೋಮಾಥೆರಪಿ' ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಫ್ರಾನ್ಸಿನ ರಸಾಯನತಜ್ಞ ಗಟ್ಟಫೊಸೆ 1937ರಲ್ಲಿ ಬರೆದ ಪುಸ್ತಕದಿಂದ. ಕೆಂಡದ ಬಟ್ಟಲು ಅದಕ್ಕಿಂತ ಬಹಳ ಹಳೆಯದು. ವಾಸನೆಯ ಸುದ್ದಿ ಮೂಗಿನಿಂದ ಭಾವನೆ, ನೆನಪುಗಳ ಮಿದುಳಿನ ಭಾಗಗಳಿಗೆ ಹತ್ತಿರದ ದಾರಿಯಲ್ಲೇ ತಲುಪುತ್ತದೆ. ಆದ್ದರಿಂದ ಪರಿಮಳಕ್ಕೆ ಮನಸ್ಸು ಮಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮಿಡಿಯುವುದು ಬೇರೆ, ವಾಸಿಯಾಗುವುದು ಬೇರೆ. ಬಾಣಂತಿಯರ ಮೇಲೆ ಲ್ಯಾವೆಂಡರ್ ಪ್ರಯೋಗಿಸಿ ನೋಡಿದ ಸಣ್ಣ ಅಧ್ಯಯನಗಳಿವೆ, ಕೆಲವು ಒಳ್ಳೆಯ ಫಲವನ್ನೂ ಹೇಳಿವೆ. ತೊಡಕೆಂದರೆ, ಗುಳಿಗೆಯನ್ನಾದರೆ ಅದೇ ಬಣ್ಣದ ಸಕ್ಕರೆಗುಳಿಗೆಯ ಪಕ್ಕದಲ್ಲಿಟ್ಟು ಪರೀಕ್ಷಿಸಬಹುದು. ಪರಿಮಳವನ್ನು ಮೂಗಿನಿಂದ ಬಚ್ಚಿಡುವುದು ಹೇಗೆ? ಫಲ ಎಣ್ಣೆಯದೋ, ತನಗಾಗಿ ಯಾರೋ ಏನೋ ಮಾಡಿದರೆಂಬ ಭಾವದ್ದೋ ಬಿಡಿಸಿ ಹೇಳುವುದು ಕಷ್ಟ.

ಭಾವದ್ದೇ ಆಗಿದ್ದರೂ ತಪ್ಪೇನು ಎಂದು ಕೇಳಬಹುದು. ನನಗೂ ಅದು ಮೋಸವೆನ್ನಿಸುವುದಿಲ್ಲ. ನನ್ನನ್ನು ಕಾಡುವುದು ಇನ್ನೊಂದು.

ಹೆರಿಗೆಯ ಬೆನ್ನಿಗೆ ಹಾರ್ಮೋನುಗಳು ಧಡಕ್ಕನೆ ಇಳಿಯುತ್ತವೆ, ನಿದ್ದೆ ಹಾರಿಹೋಗಿರುತ್ತದೆ. ಆಗಿನ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ತಾನೇ ನಿಲ್ಲುತ್ತದೆ. ಆ ಎರಡು ವಾರ ನೀವು ಧೂಪ ಹಾಕಿದ್ದರೆ ಧೂಪ ಗೆಲ್ಲುತ್ತದೆ, ಲ್ಯಾವೆಂಡರ್ ಮೂಸಿಸಿದ್ದರೆ ಲ್ಯಾವೆಂಡರ್. ತಾಯಿತ ಕಟ್ಟಿದ್ದರೆ ಅದೂ ಗೆಲ್ಲುತ್ತದೆ. ಕೆಲವರಿಗೆ ಮಾತ್ರ ಅಳು ನಿಲ್ಲುವುದಿಲ್ಲ, ಅಥವಾ ಅಳುವೂ ಬರದ ಬರಡುತನ ತಿಂಗಳುಗಟ್ಟಲೆ ಕೂರುತ್ತದೆ. ಅದು ಖಿನ್ನತೆ, ಚಿಕಿತ್ಸೆ ಬೇಡುವ ಕಾಯಿಲೆ. ಇಂಥವಳ ಮುಂದೆ, ಎಲ್ಲರಿಗೂ ಫಲ ಕೊಟ್ಟ ಆ ಪರಿಮಳ ಸಾಕ್ಷಿ ಹೇಳಲು ನಿಲ್ಲುತ್ತದೆ. "ಇಷ್ಟೆಲ್ಲ ಮಾಡಿದರೂ ಇವಳದು ಅದೇ ರಾಗ" ಎಂಬ ಮಾತು ಹುಟ್ಟುವುದು ಆಗಲೇ. ಸೋತದ್ದು ಮದ್ದು, ಅಪರಾಧಿ ಬಾಣಂತಿ. ಪ್ರೀತಿಯಿಂದ ಕೊಟ್ಟ ಸಮಾಧಾನಕ್ಕೆ ಇಷ್ಟು ಕ್ರೂರವಾಗುವ ಶಕ್ತಿಯಿದೆ. ಕೊಟ್ಟವರಿಗೆ ಅದು ಗೊತ್ತಾಗುವುದೂ ಇಲ್ಲ.

ನಮ್ಮ ಮಾತಿನಲ್ಲಿ 'ಬಾಣಂತಿ ಸನ್ನಿ' ಇದೆ. ಅದು ಕೂಗಾಡುವವಳಿಗೆ, ಬುದ್ಧಿ ಕದಡಿದವಳಿಗೆ ಅಂಟಿಸಿದ ಹೆಸರು. ಗೋಡೆ ನೋಡುತ್ತ ಸುಮ್ಮನೆ ಹಾಲೂಡಿಸುವವಳಿಗೆ ಮನೆಮಾತಿನಲ್ಲಿ ಉಳಿದಿರುವುದು 'ಸೋಮಾರಿ', 'ಜಂಬ', 'ಮಗುವಿನ ಮೇಲೆ ಅಕ್ಕರೆಯಿಲ್ಲದವಳು' ಇಂಥವೇ. ಇಂಥ ತಾಯಂದಿರನ್ನು ಗುರುತಿಸಲು ಬಳಸುವ, 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಹತ್ತೇ ಪ್ರಶ್ನೆಗಳು, ಕಳೆದ 7 ದಿನಗಳ ಬಗ್ಗೆ. ಅವುಗಳಲ್ಲೊಂದು, ನಿಷ್ಕಾರಣವಾಗಿ ನಿನ್ನನ್ನೇ ನೀನು ದೂಷಿಸಿಕೊಂಡೆಯಾ ಎಂದು ವಿಚಾರಿಸುತ್ತದೆ. ಕೊನೆಯದು, ಜೀವಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂದು.

ತುಂಬಿದ ಮನೆಯ ಪಡಸಾಲೆಯಲ್ಲಿ ಯಾರೂ ಇದಕ್ಕೆ ಉತ್ತರ ಹೇಳಲಾರರು. ಆದರೆ ಕೂದಲು ಆರಿಸುವ ಹೊತ್ತಿಗೆ ಕೋಣೆಯ ಬಾಗಿಲು ಮುಚ್ಚಿರುತ್ತದೆ, ಒಳಗೆ ಇಬ್ಬರೇ. "ಮಗು ಕಂಡರೆ ಏನನ್ನಿಸುತ್ತೆ ಪುಟ್ಟೀ?" ಎಂದು ಅಮ್ಮ ಕೇಳಬಹುದಾದ ಜಾಗ ಅದು. "ಏನೂ ಅನ್ನಿಸಲ್ಲ ಅಮ್ಮಾ" ಎಂದು ಮಗಳು ಅಂದುಬಿಟ್ಟರೆ ಎದೆ ಧಸಕ್ಕೆನ್ನುತ್ತದೆ, 'ಬಿಡ್ತು ಅನ್ನು' ಎಂದು ಬಾಯಿ ಮುಚ್ಚಿಸುವ ಆಸೆಯಾಗುತ್ತದೆ. ಹಾಗೆ ಮುಚ್ಚಿಸದೆ ಕೇಳಿಸಿಕೊಂಡ ಅಮ್ಮ ನಾಳೆಯೂ ಸಾಂಬ್ರಾಣಿ ಹಾಕಲಿ, ಬೇಡವೆನ್ನಲು ನಾನ್ಯಾರು? ಮಧ್ಯಾಹ್ನದ ಹೊತ್ತಿಗೆ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಆಟೋ ಹೇಳಿರುತ್ತಾಳೆ.